ಕಟ್ಟೆ ಗಟ್ಟಿಯಿದ್ದರೆ ಸಾಕೆ?

ಅಣೆಕಟ್ಟಿನ ಸುರಕ್ಷತೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಏಳುವುದು ಒಂದೇ ಪ್ರಶ್ನೆ: ಕಟ್ಟೆ ಗಟ್ಟಿಯಿದೆಯೇ? ಇಂಜಿನಿಯರರು ಬಂದು ನೋಡಿ, ‘ಬಿರುಕಿಲ್ಲ, ಭಯ ಬೇಡ’ ಎಂದರೆ ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಈ ಒಂದು ಪ್ರಶ್ನೆ ಸಾಲದು ಎಂಬುದು ನಮ್ಮ ವಾದ.

ಗುಬ್ಬಿ ತಾಲೂಕಿನ ಕಡಬದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಹಳೆಯ ದೊಡ್ಡ ಕೆರೆಯಿದೆ. ಕೆಳಗೆ ಹರಿದ ಅದೇ ನದಿಗೆ ಕುಣಿಗಲ್ ತಾಲೂಕಿನಲ್ಲಿ ಮಾರ್ಕೋನಹಳ್ಳಿ ಅಣೆಕಟ್ಟು. ಮೈಸೂರು ಅರಸರ ಕಾಲದ ಈ ಅಣೆಕಟ್ಟಿಗೆ ಎಂಟು ದಶಕ ದಾಟಿದೆ. ಸುಮಾರು 2.4 ಟಿಎಂಸಿ ನೀರು ಹಿಡಿಯುತ್ತದೆ. ಸ್ವಯಂಚಾಲಿತ ಸೈಫನ್ ಇದರ ಹೆಗ್ಗಳಿಕೆ. ನೀರು ನಿಗದಿತ ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ. ಸೈಫನ್ ಒಳಗಿನ ಗಾಳಿ ಹೊರಹೋಗಿ ನೀರು ತಾನಾಗಿಯೇ ಸೆಳೆದುಕೊಂಡು ರಭಸದಿಂದ ಧುಮುಕುತ್ತದೆ.

2025ರ ಅಕ್ಟೋಬರ್‌ನಲ್ಲಿ ಆ ನೀರು ಹಠಾತ್ತನೆ ನುಗ್ಗಿತು. ತುಮಕೂರಿನಿಂದ ವಿಹಾರಕ್ಕೆ ಹೋಗಿ ಕೆಳಗೆ ನೀರಿಗಿಳಿದಿದ್ದ ಒಂದೇ ಕುಟುಂಬದವರು ಕೊಚ್ಚಿಹೋದರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಕಟ್ಟೆ ಒಡೆದಿರಲಿಲ್ಲ, ಗಟ್ಟಿಯಾಗಿಯೇ ನಿಂತಿತ್ತು. ‘ನೀರಿಗಿಳಿದವರದೇ ತಪ್ಪು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮನುಷ್ಯನ ಕೈಯಿಲ್ಲದೆ ನೀರು ಬಿಡುವ ವ್ಯವಸ್ಥೆಗೆ, ಮನುಷ್ಯನನ್ನು ಎಚ್ಚರಿಸುವ ವ್ಯವಸ್ಥೆಯೂ ಜೊತೆಗಿರಬೇಡವೇ?

ತಜ್ಞರು ಅಣೆಕಟ್ಟುಗಳನ್ನು ಅಪಾಯದ ವರ್ಗಗಳಾಗಿ ವಿಂಗಡಿಸುತ್ತಾರೆ. ಅನೇಕರು ಇದನ್ನು ಕಟ್ಟೆಯ ಶಿಥಿಲತೆಗೆ ಕೊಟ್ಟ ಅಂಕವೆಂದು ತಿಳಿದಿದ್ದಾರೆ. ಹಾಗಲ್ಲ. ಕಟ್ಟೆ ಒಡೆದರೆ ಕೆಳಗೆ ಎಷ್ಟು ಜೀವ, ಎಷ್ಟು ಬದುಕು ಹೋದೀತು ಎಂಬುದರ ಲೆಕ್ಕ ಅದು. ನಿನ್ನೆ ಕಟ್ಟಿದ ಅಣೆಕಟ್ಟೂ ಅತಿ ಅಪಾಯದ ವರ್ಗಕ್ಕೆ ಸೇರಬಹುದು. ಕಟ್ಟೆಯ ಒಂದು ಕಲ್ಲೂ ಅಲುಗದೆ ಅದರ ವರ್ಗ ಏರಬಹುದು. ಕೆಳಗೆ ಮನೆ, ಶಾಲೆ, ಸಂತೆಗಳು ಬಂದರೆ ಸಾಕು. ನಮ್ಮಲ್ಲಿ ಮಾತ್ರ ಎಷ್ಟು ದೊಡ್ಡ ನೆರೆಗೆ ಅಣೆಕಟ್ಟು ತಡೆಯಬೇಕೆಂದು ಹೇಳುವ 1985ರ ಮಾನಕ, ನೀರಿನ ಎತ್ತರ ಮತ್ತು ಸಂಗ್ರಹವನ್ನೇ ಮುಖ್ಯ ಅಳತೆಯಾಗಿ ಹಿಡಿಯಿತು. ನೀರನ್ನು ಅಳೆದೆವು, ಜನರನ್ನು ಎಣಿಸುವುದನ್ನು ಹಿಂದಕ್ಕೆ ತಳ್ಳಿದೆವು.

ಗಟ್ಟಿತನದ ಪ್ರಶ್ನೆ ಬೇಡವೆಂದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ಹಳೆಯ ಕಬ್ಬಿಣದ ಮೇಲೆ ಎಷ್ಟು ಭರವಸೆ ಇಡಬಹುದೆಂದು ಅದು ತೋರಿಸಿತು. ಆದರೆ ಕಟ್ಟೆ ಸೋತ ಮೇಲೂ ಜೀವ ಉಳಿಸಬಹುದು. ಅಮೆರಿಕದ ಮಿಚಿಗನ್ ರಾಜ್ಯದ ಈಡನ್‌ವಿಲ್ ಹಳೆಯ ಜಲವಿದ್ಯುತ್ ಅಣೆಕಟ್ಟು. ದೊಡ್ಡ ನೆರೆಯನ್ನು ಹೊರಬಿಡುವ ಶಕ್ತಿ ಅದರ ಕೋಡಿಗಿಲ್ಲವೆಂದು 2018ರಲ್ಲಿ ಅದರ ವಿದ್ಯುತ್ ಪರವಾನಗಿಯನ್ನೇ ರದ್ದುಮಾಡಲಾಯಿತು. ಆದರೂ ನೀರು ನಿಂತೇ ಇತ್ತು. 2020ರ ಮೇ 19ರಂದು ಅದು ಒಡೆಯಿತು. ಸುಮಾರು 10,000 ಜನರನ್ನು ಸ್ಥಳಾಂತರಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಅಲ್ಲಿ ಕಟ್ಟೆ ಒಡೆದರೂ ಜನ ಉಳಿದರು. ಇಲ್ಲಿ ಕಟ್ಟೆ ಉಳಿದರೂ ಜನ ಸತ್ತರು.

ನಮ್ಮಲ್ಲಿ ಕಾನೂನಿಲ್ಲ ಎನ್ನುವಂತಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ, ತನ್ನ ವ್ಯಾಪ್ತಿಯ ಹಳೆಯ ಅಣೆಕಟ್ಟುಗಳಿಗೂ ಐದು ವರ್ಷಗಳೊಳಗೆ ತುರ್ತು ಕ್ರಿಯಾ ಯೋಜನೆ ಇರಬೇಕೆನ್ನುತ್ತದೆ. ಆ ಯೋಜನೆ ಕಚೇರಿಯ ಬೀರುವಿನಲ್ಲಿ ಇಂಗ್ಲಿಷ್ ಕಡತವಾಗಿ ಮಲಗಿದ್ದರೆ ಯಾರಿಗೆ ಪ್ರಯೋಜನ? ‘ನಕ್ಷೆ ಹೊರಬಂದರೆ ಜನ ಹೆದರುತ್ತಾರೆ, ಜಮೀನಿನ ಬೆಲೆ ಬೀಳುತ್ತದೆ’ ಎಂಬ ಸಬೂಬು ಬೇಡ. ಹಿಂದೆ ಊರಿಗೆ ಅಪಾಯವಿದ್ದರೆ ಡಂಗುರ ಸಾರುತ್ತಿದ್ದರು. ಜನ ಹೆದರುತ್ತಾರೆಂದು ಯಾರೂ ತಮಟೆ ಬಡಿಯುವುದನ್ನು ಬಿಡಲಿಲ್ಲ.

ನಾವು ಕೇಳುವುದು ಇಷ್ಟೇ. ಪ್ರತಿ ಅಣೆಕಟ್ಟಿನ ಅಪಾಯದ ವರ್ಗ, ಮುಳುಗುವ ಊರುಗಳ ನಕ್ಷೆ, ಓಡಬೇಕಾದ ದಾರಿ ಇವೆಲ್ಲ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಲಿ. ಸೈಫನ್ ಮುಂದೆ ಸೈರನ್ ಇರಲಿ. ದೇವಸ್ಥಾನ, ಮಸೀದಿಗಳ ಮೈಕು ಆ ಹೊತ್ತಿಗೆ ಒಂದೇ ಮಾತು ಹೇಳಲಿ: ನೀರು ಬರುತ್ತಿದೆ, ಮೇಲಕ್ಕೆ ಬನ್ನಿ. ಕಟ್ಟೆಯ ಬಗ್ಗೆ ವರದಿ ಬರೆಯುವವರು ಮೊದಲ ಸಾಲಿನಲ್ಲೇ ಕೆಳಗಿರುವವರ ಲೆಕ್ಕ ಕೊಡಲಿ.