ಅತ್ತರೆ ಹದಿನಾರೇ ಕಂತು

ಕೊರಿಯಾದ ಪ್ರೇಮ ಧಾರಾವಾಹಿ ನೋಡುತ್ತೇನೆಂದು ನನ್ನ ಮೇಲೆ ಬಂದಿರುವ ದೂರುಗಳು ಒಂದು ಬರಹಕ್ಕೆ ಸಾಕಾಗುವಷ್ಟು ಬೆಳೆದಿವೆ. ದೂರುದಾರರೆಲ್ಲ ಬೆಂಗಳೂರಿನ ಅಂಚಿನ ನಮ್ಮ ಶೆಟ್ಟಿಹಳ್ಳಿಯವರೇ. ಮಹಡಿ ಮೇಲಿನ ಭಾವನವರು, ಅವರ ಹೆಂಡತಿ ಅಂದರೆ ನನ್ನ ಓರಗಿತ್ತಿ, ಬೀದಿಯ ಕೊನೆಯ ಮನೆಯ ನಿವೃತ್ತ ಗಣಿತ ಮೇಷ್ಟ್ರು, ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ, ಸಾಲದ್ದಕ್ಕೆ ಎದುರು ಪಕ್ಷದಿಂದ ನನ್ನ ಮಗಳು. ಬಾಯಿಮಾತಿನಲ್ಲಿ ಉತ್ತರಿಸಲು ಹೋದರೆ ಭಾವನವರ ದನಿ ನನ್ನದಕ್ಕಿಂತ ದೊಡ್ಡದು. ಹಾಗಾಗಿ ಬರೆದೇ ಕೊಡುತ್ತಿದ್ದೇನೆ.

ಮೊದಲು ಭಾವನವರದು. 'ಎಲ್ಲಾ ಒಂದೇ ಕಥೆ ಕಣಮ್ಮ. ದುಡ್ಡಿರೋ ಹುಡುಗ, ದುಡ್ಡಿಲ್ಲದ ಹುಡುಗಿ, ಇಬ್ಬರ ಮಧ್ಯೆ ಒಂದು ಕೊಡೆ.'

ಅರ್ಧ ನಿಜ, ಒಪ್ಪಿದೆ. ಉಳಿದದ್ದನ್ನೂ ನಾನೇ ಸೇರಿಸುತ್ತೇನೆ. ಸರಿಯಾದ ಹೊತ್ತಿಗೆ ಬಂದು ಗುದ್ದುವ ಲಾರಿ, ಮರೆತುಹೋಗುವ ನೆನಪು, ಮೊದಲ ಹಿಮ, ಕುಡಿದ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ಹುಡುಗ, ಮಗನನ್ನು ಬಿಟ್ಟುಬಿಡು ಎಂದು ಹಣದ ಲಕೋಟೆ ಮುಂದೆ ತಳ್ಳುವ ಶ್ರೀಮಂತ ತಾಯಿ. ದುಃಖ ಎಷ್ಟೇ ಇರಲಿ, ಜಾಹೀರಾತು ಕೊಟ್ಟ ಕಂಪನಿಯ ಸ್ಯಾಂಡ್‌ವಿಚ್ ಅಂಗಡಿಗೆ ಹೋಗಿ ತಿಂದೇ ಅಳಬೇಕು. ಇವನ್ನೆಲ್ಲ ನಾನು ಭಾವನವರಿಗಿಂತ ಚೆನ್ನಾಗಿ ಬಲ್ಲೆ, ಅವರು ನೋಡದೆ ಹೇಳುತ್ತಾರೆ, ನಾನು ನೋಡಿ ಹೇಳುತ್ತೇನೆ.

ಆದರೆ ಉಳಿದರ್ಧ? 2022ರಲ್ಲಿ ಬಂದ 'ಮೈ ಲಿಬರೇಷನ್ ನೋಟ್ಸ್' ಅನ್ನು ತೆಗೆದುಕೊಳ್ಳಿ. ಸೋಲ್ ನಗರದ ಹೊರಗಿನ ಒಂದೂರು. ಅಕ್ಕ, ಅಣ್ಣ, ತಂಗಿ ಮೂವರೂ ವಯಸ್ಸು ಮೀರಿದರೂ ಅಪ್ಪನ ಮನೆಯಲ್ಲೇ ಇದ್ದಾರೆ. ದಿನವೂ ಬಸ್ಸು ಹಿಡಿದು, ರೈಲು ಹಿಡಿದು ನಗರಕ್ಕೆ ಹೋಗುತ್ತಾರೆ, ರಾತ್ರಿ ಹೆಣವಾಗಿ ಮರಳುತ್ತಾರೆ. ರಜೆ ಬಂತೆಂದರೆ ಹೊಲದಲ್ಲಿ ಕೆಲಸ. ಅಪ್ಪ ಅಡಿಗೆಮನೆಯ ಸಿಂಕು ಮಾಡಿ ಕೂಡಿಸುವವನು, ಮಾತು ಕಡಿಮೆ. ತಂಗಿ ಮಿಜಂಗ್ ಆಫೀಸಿನಲ್ಲಿ ಕಾಯಂ ಅಲ್ಲ, ಅವಳು ಮಾಡಿದ ಕೆಲಸದ ಮೇಲೆಲ್ಲ ಮೇಲಧಿಕಾರಿಯ ಕೆಂಪು ಗೀಟು. ಅವಳು ಪ್ರೀತಿಸುವುದು ಅಪ್ಪನ ಕೈಕೆಳಗೆ ದುಡಿಯುವ ಒಬ್ಬ ಕುಡುಕನನ್ನು. ಕೋಟ್ಯಧೀಶನೂ ಇಲ್ಲ, ಕೊಡೆಯೂ ಇಲ್ಲ.

ಶೆಟ್ಟಿಹಳ್ಳಿಯಲ್ಲಿ ಕೂತು ಅದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ನಮ್ಮ ಮನೆಗಳ ಹುಡುಗರು ಆಟೋ ಹಿಡಿದು ಜಾಲಹಳ್ಳಿ ಮೆಟ್ರೊಗೆ ಹೋಗಿ, ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ಹಸಿರು ಮಾರ್ಗ ಬಿಟ್ಟು ನೇರಳೆ ಮಾರ್ಗ ಹಿಡಿದು ವೈಟ್‌ಫೀಲ್ಡ್ ತಲುಪುತ್ತಾರೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿಯಾಗುವ ಮೊದಲು ಆ ದಾರಿ ಇನ್ನೂ ಹೈರಾಣ. ಬೆಂಗಳೂರಿನವರು ನಮ್ಮನ್ನು 'ಅಲ್ಲೆಲ್ಲೋ ದಾಸರಹಳ್ಳಿ ಕಡೆ' ಅನ್ನುತ್ತಾರೆ. ಊರಿನ ಕಡೆಯವರು ಬೆಂಗಳೂರಿನವರು ಅನ್ನುತ್ತಾರೆ. ಈ ನಡುವಿನ ಬದುಕಿನಲ್ಲಿ ಒಬ್ಬಳಿಗೆ ಪ್ರೀತಿ ಮಾಡಲು ಹೊತ್ತೆಲ್ಲಿ, ಶಕ್ತಿಯೆಲ್ಲಿ ಎಂದು ಕೇಳುವ ಧಾರಾವಾಹಿಯನ್ನು ನನ್ನ ಭಾಷೆಯಲ್ಲಿ ಇನ್ನೂ ಯಾರೂ ನನಗೆ ತೋರಿಸಿಲ್ಲ. ಪಾರ್ಕ್ ಹೇಯಂಗ್ ಎಂಬ ಲೇಖಕಿ ಕೊರಿಯಾದಲ್ಲಿ ಕೂತು ತೋರಿಸಿದರು.

ಭಾವನವರದೇ ಇನ್ನೊಂದು ತಕರಾರು: ಆ ಗಂಡಸರು ಗಂಡಸರ ಹಾಗಿಲ್ಲ, ಮುಖಕ್ಕೆ ಬಣ್ಣ, ಮಾತೆತ್ತಿದರೆ ಕಣ್ಣೀರು.

ಬಣ್ಣದ ವಿಚಾರ ಬಿಡಿ, ನಮ್ಮ ಹೀರೋಗಳು ಮುಖ ತೊಳೆದು ಬಂದು ನಿಂತವರೇನಲ್ಲ. ಗಂಡಸುತನದ ಮಾತಿಗೆ ಮಾತ್ರ ಉತ್ತರ ಬೇಕು. 2025ರ ಮಾರ್ಚಿನಲ್ಲಿ ಬಂದ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಜೇಜು ದ್ವೀಪದ ಕಥೆ. ಉಸಿರು ಬಿಗಿಹಿಡಿದು ಸಮುದ್ರಕ್ಕೆ ಧುಮುಕಿ ಚಿಪ್ಪುಮೀನು ತೆಗೆಯುವ ಹೇನ್ಯೊ ಹೆಂಗಸರ ಊರು ಅದು. ಅಂಥ ತಾಯಿಯ ಮಗಳು ಏಸೂನ್, ಕವಿಯಾಗಬೇಕೆಂದವಳು, ಓದು ತಪ್ಪಿ ಮದುವೆಯಾಗಿ ಗ್ವಾನ್‌ಶಿಕ್ ಎಂಬ ಮಿತಭಾಷಿ ಹುಡುಗನ ಮನೆ ಸೇರುತ್ತಾಳೆ. ಆ ಮನೆಯಲ್ಲಿ ಊಟಕ್ಕೆ ಗಂಡಸರದೊಂದು ಮೇಜು, ಹೆಂಗಸರದೊಂದು. ಒಂದು ದಿನ ಗ್ವಾನ್‌ಶಿಕ್ ಕೂತಲ್ಲೇ ಗಂಡಸರ ಮೇಜಿಗೆ ಬೆನ್ನು ಹಾಕಿ, ಹೆಂಡತಿಯ ಕಡೆ ತಿರುಗಿ ಊಟ ಮುಂದುವರಿಸುತ್ತಾನೆ. ಭಾಷಣ ಇಲ್ಲ, ಹೊಡೆದಾಟ ಇಲ್ಲ. ಹಬ್ಬದ ದಿನ ಗಂಡಸರ ಪಂಕ್ತಿ ಎದ್ದ ಮೇಲೆ ತಣ್ಣಗಾದ ಹುಳಿಯನ್ನು ಸುರಿದುಕೊಂಡು ಉಂಡ ಹೆಂಗಸು ಯಾವಳಾದರೂ ಆ ದೃಶ್ಯಕ್ಕೆ ಸುಮ್ಮನೆ ಕೂರಲಾರಳು. ಭಾವನವರು ಯಾವ ಪಂಕ್ತಿಯಲ್ಲಿ ಕೂರುತ್ತಾರೆ ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಓರಗಿತ್ತಿಯ ದೂರು ಮೃದುವಾದದ್ದು, ಆದರೆ ಗಟ್ಟಿಯಾದದ್ದು. 'ನಮ್ಮ ಧಾರಾವಾಹೀಲಿ ಸಂಸಾರ ಇರುತ್ತೆ. ಅತ್ತೆ, ಮಾವ, ನಾದಿನಿ. ಅವರದರಲ್ಲಿ ಬರೀ ಇಬ್ಬರು.'

ಅಕ್ಕಾ, 'ರಿಪ್ಲೈ 1988' ನೋಡಿ. ಒಂದು ಗಲ್ಲಿ, ಐದು ಸಂಸಾರ. ಸಂಜೆ ಒಬ್ಬರ ಮನೆಯಲ್ಲಿ ಮಾಡಿದ್ದು ತಟ್ಟೆಯಲ್ಲಿ ಇನ್ನೊಬ್ಬರ ಮನೆಗೆ ಹೋಗುತ್ತದೆ, ಖಾಲಿ ತಟ್ಟೆ ಹಿಂದಿರುಗುವುದಿಲ್ಲ, ಅದರಲ್ಲಿ ಬೇರೇನೋ ಬರುತ್ತದೆ, ಮಕ್ಕಳು ಓಡಾಡಿ ಸುಸ್ತಾಗುತ್ತಾರೆ. ಯಾರದೋ ಸಾಲಕ್ಕೆ ಜಾಮೀನು ನಿಂತು ಕಷ್ಟಕ್ಕೆ ಸಿಕ್ಕ ಅಪ್ಪ ಇದ್ದಾನೆ. ದೊಡ್ಡ ಮಗಳಿಗೂ ಕಿರಿಯ ಮಗನಿಗೂ ನಡುವೆ ಸಿಕ್ಕಿ ಯಾರ ಕಣ್ಣಿಗೂ ಬೀಳದ ನಡುವಿನ ಮಗಳೇ ನಾಯಕಿ. ನಿಮಗೆ ತೋರಿಸಬೇಕೆಂದಿರುವುದು ಮಾತ್ರ ಬೇರೆ. ಆ ಗಲ್ಲಿಯಲ್ಲಿ ಗಂಡ ಸತ್ತ ಒಬ್ಬ ತಾಯಿ, ಹೆಂಡತಿ ಸತ್ತ ಒಬ್ಬ ತಂದೆ ಇದ್ದಾರೆ. ಇಬ್ಬರಿಗೂ ಬೆಳೆದ ಗಂಡುಮಕ್ಕಳು. ಅವರಿಬ್ಬರ ನಡುವೆ ನಿಧಾನವಾಗಿ ಬೆಳೆಯುವ ಸಲಿಗೆಯನ್ನು ನಗೆಪಾಟಲು ಮಾಡದೆ, ಪಾಪ ಅನ್ನಿಸದೆ ತೋರಿಸಿದ್ದಾರೆ. ನಮ್ಮ ಏಳು ಗಂಟೆಯ ಧಾರಾವಾಹಿಗಳಲ್ಲಿ ಆ ವಯಸ್ಸಿನ ಹೆಂಗಸಿಗೆ ಇರುವ ಕೆಲಸ ಎರಡೇ: ಒಂದೋ ವಿಷ ಬೆರೆಸಬೇಕು, ಇಲ್ಲವೇ ದೇವರ ಮುಂದೆ ದೀಪ ಆರದಂತೆ ಕೈ ಅಡ್ಡ ಹಿಡಿಯಬೇಕು.

ಇನ್ನು ಮೇಷ್ಟ್ರು. ಅವರ ವಾದಕ್ಕೆ ಯಾವಾಗಲೂ ಅಂಕಿಯ ಬೆಂಬಲ ಇರುತ್ತದೆ. 2023ರಲ್ಲಿ ದಕ್ಷಿಣ ಕೊರಿಯಾದ ಫಲವತ್ತತೆ ದರ 0.72, ಪ್ರಪಂಚದಲ್ಲೇ ತೀರಾ ಕೆಳಗೆ. ಮದುವೆಯೇ ಬೇಡ ಅನ್ನುವ ದೇಶ ಪ್ರಪಂಚಕ್ಕೆಲ್ಲ ಪ್ರೀತಿ ಮಾರುತ್ತಿದೆ, ನೀವು ಕೊಳ್ಳುತ್ತಿದ್ದೀರಿ ಎನ್ನುತ್ತಾರೆ.

ಅಂಕಿ ಸರಿ ಮೇಷ್ಟ್ರೇ, ತೀರ್ಮಾನ ಸರಿಯಿಲ್ಲ. ಆ ಅಂಕಿಯ ಹಿಂದಿರುವ ಕಾರಣಗಳನ್ನು ನಾನು ಪತ್ರಿಕೆಗಿಂತ ಮೊದಲು ಈ ಧಾರಾವಾಹಿಗಳಲ್ಲೇ ಕಂಡೆ. ಮನೆಯ ಬೆಲೆ, ಮುಗಿಯದ ಕೆಲಸದ ಹೊತ್ತು, ಹೆರಿಗೆಯಾದ ಹೆಂಗಸಿಗೆ ಆಫೀಸು ತೋರಿಸುವ ಬಾಗಿಲು, ಮಗುವಿನ ಟ್ಯೂಷನ್ ಖರ್ಚು. 2017ರ 'ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್'ನಲ್ಲಿ ಇರಲು ಮನೆಯಿಲ್ಲದ ಹುಡುಗಿಯೊಬ್ಬಳು, ಮನೆಸಾಲದ ಕಂತು ಕಟ್ಟಲು ಬಾಡಿಗೆದಾರರು ಬೇಕಾದ ಹುಡುಗನೊಬ್ಬನನ್ನು ಕರಾರು ಬರೆದುಕೊಂಡು ಮದುವೆಯಾಗುತ್ತಾಳೆ. ಪ್ರೀತಿ ಆಮೇಲೆ, ಅದೂ ಲೆಕ್ಕಾಚಾರದ ಸಂದಿಯಲ್ಲಿ. 2018ರ 'ಸಮ್‌ಥಿಂಗ್ ಇನ್ ದ ರೇನ್'ನಲ್ಲಿ ಮೂವತ್ತು ದಾಟಿದ ನಾಯಕಿಗೆ ಮನೆಯಲ್ಲಿ ತಾಯಿಯ ಕಾಟ, ಆಫೀಸಿನ ಔತಣಗಳಲ್ಲಿ ಗಂಡಸು ಅಧಿಕಾರಿಗಳ ಕೈ. ಮದುವೆ ಬೇಡ ಎಂದು ಅಲ್ಲಿನ ಹುಡುಗಿಯರು ಯಾಕೆ ಹೇಳುತ್ತಿದ್ದಾರೆ ಎಂದು ಇವು ಹೇಳುತ್ತಿವೆ, ನೀವು ಇವನ್ನೇ ಸುಳ್ಳಿನ ಸಾಕ್ಷಿ ಅನ್ನುತ್ತೀರಿ.

ಮಗಳಿಗೆ ಎರಡೇ ಮಾತು. 2009ರ 'ಬಾಯ್ಸ್ ಓವರ್ ಫ್ಲವರ್ಸ್' ನನಗೆ ಹಿಡಿಸುವುದಿಲ್ಲ ಅಂದದ್ದಕ್ಕೆ ಅವಳು ಮುನಿದಿದ್ದಾಳೆ. ಒಬ್ಬ ಬಡ ಹುಡುಗಿಯ ಮೇಲೆ ಇಡೀ ಶಾಲೆಯನ್ನು ಛೂ ಬಿಟ್ಟವನು, ಅವಳನ್ನು ಎತ್ತಿಸಿ ತಂದು ಹೊಸ ಬಟ್ಟೆ ತೊಡಿಸುವವನು, ಕೂದಲು ಗುಂಗುರಾಗಿದ್ದ ಮಾತ್ರಕ್ಕೆ ಪ್ರೇಮಿಯಾಗುವುದಿಲ್ಲ. ಬೇಡ ಅಂದವಳ ಮಣಿಕಟ್ಟು ಹಿಡಿದು ಎಳೆಯುವುದು ಕೊರಿಯಾದಲ್ಲಿ ನಡೆದರೂ ಎಳೆದಾಟವೇ. ಅದೇ ಕೆಲಸವನ್ನು ಗಾಂಧಿನಗರದ ಹೀರೋ ಮಾಡಿದಾಗ ನೀನು ಚಾನೆಲ್ ಬದಲಾಯಿಸುತ್ತೀಯ.

ಉಳಿದವರು ಕಾರ್ಯದರ್ಶಿಗಳು. ಅವರ ಆಕ್ಷೇಪ ನನಗೆ ನಿಜಕ್ಕೂ ತಟ್ಟಿದೆ: ಕನ್ನಡದವಳಾಗಿ ಕೊರಿಯಾಕ್ಕೆ ಕೊಡುವ ಹೊತ್ತನ್ನು ಕನ್ನಡಕ್ಕೆ ಕೊಡಬಾರದೇ?

ಸ್ವಾಮಿ, ಈ ರುಚಿ ನನಗೆ ಹತ್ತಿದ್ದೇ ಕನ್ನಡದಿಂದ. ನಮ್ಮಮ್ಮ ಬಾಡಿಗೆ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ತಂದು ಒಲೆಯ ಮುಂದೆ ಕೂತು ಓದುತ್ತಿದ್ದರು. ಆಗಲೂ ಮನೆಯ ಗಂಡಸರು ಅದನ್ನು 'ಹೆಂಗಸರ ಕಾದಂಬರಿ' ಅಂದರು. ಅದೇ ಕಾದಂಬರಿಗಳನ್ನು ಹಿಡಿದು ಪುಟ್ಟಣ್ಣ ಕಣಗಾಲರು 1967ರಲ್ಲಿ 'ಬೆಳ್ಳಿಮೋಡ', 1969ರಲ್ಲಿ 'ಗೆಜ್ಜೆಪೂಜೆ', 1971ರಲ್ಲಿ 'ಶರಪಂಜರ' ಮಾಡಿದರು. 'ಬೆಳ್ಳಿಮೋಡ'ದ ಕಥೆ ನೆನಪಿಸಿಕೊಳ್ಳಿ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಆಸ್ತಿಯೆಲ್ಲ ಅವಳದೇ ಎಂದು ಮದುವೆಗೆ ಒಪ್ಪಿದವನು, ಅವಳಿಗೊಬ್ಬ ತಮ್ಮ ಹುಟ್ಟಿದ ಕೂಡಲೇ ಹಿಂದೆ ಸರಿಯುತ್ತಾನೆ. ಮುಂದೆ ಅಪಘಾತವಾಗಿ ಬಿದ್ದವನ ಸೇವೆಯನ್ನು ಅವಳೇ ಮಾಡುತ್ತಾಳೆ, ಅವನು ಪಶ್ಚಾತ್ತಾಪಪಟ್ಟು ಕೈ ಚಾಚಿದಾಗ ಒಲ್ಲೆ ಅನ್ನುತ್ತಾಳೆ. ಎಸ್ಟೇಟು, ಹಣ, ಅಪಘಾತ, ಕಣ್ಣೀರು ಎಲ್ಲ ಇವೆ. ಇಂದಿರಾ ಆಗಿದ್ದ ಕಲ್ಪನಾ ಬದಲು ಕೊರಿಯಾದ ನಟಿ ಸೋನ್ ಯೇಜಿನ್ ಅವರನ್ನು ನಿಲ್ಲಿಸಿದರೆ ಹದಿನಾರು ಕಂತಿಗೆ ಸಾಕಾಗುವ ಸರಕು. ಮಾಡಿದ್ದು ನಾವು, ಕೊರಿಯಾದವರಲ್ಲ.

ಆಮೇಲೆ ಏನಾಯಿತು ಅನ್ನುವುದು ನನ್ನ ಮುಖ್ಯ ಜಗಳ. ಕೊರಿಯಾದಲ್ಲಿ ಧಾರಾವಾಹಿಯನ್ನು ಅದರ ಲೇಖಕಿಯ ಹೆಸರಿನಿಂದ ಗುರುತಿಸುತ್ತಾರೆ. 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ಪಾರ್ಕ್ ಜಿಯುನ್ ಅವರದು, 'ಗಾಬ್ಲಿನ್' ಕಿಮ್ ಯುನ್‌ಸೂಕ್ ಅವರದು. ಆರಂಭ ಅವರಿಗೆ ಗೊತ್ತು, ಅಂತ್ಯ ಎಲ್ಲಿ ಎಂದೂ ಗೊತ್ತು. ದಕ್ಷಿಣದ ಶ್ರೀಮಂತೆ ಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುವ 'ಕ್ರ್ಯಾಶ್ ಲ್ಯಾಂಡಿಂಗ್' ಕಥೆಗೆ ಉತ್ತರದ ಹಳ್ಳಿಯ ವಿವರ ಬೇಕಾಗಿ, ಅಲ್ಲಿಂದ ತಪ್ಪಿಸಿಕೊಂಡು ಬಂದವರೊಬ್ಬರನ್ನು ಬರಹದ ತಂಡಕ್ಕೇ ಸೇರಿಸಿಕೊಂಡರು. ಕರೆಂಟು ಹೋಗುವುದು, ಉಪ್ಪಿನಕಾಯಿಯಂಥ ಕಿಮ್ಚಿಯನ್ನು ಕೇರಿಯ ಹೆಂಗಸರು ಸೇರಿ ಹಾಕುವುದು, ಸೇನಾಧಿಕಾರಿಯ ಹೆಂಡತಿಯ ಮುಂದೆ ಉಳಿದವರು ನಗುವ ರೀತಿ ಎಲ್ಲ ಅದರಲ್ಲಿ ಸೇರಿಕೊಂಡವು. ನಮ್ಮಲ್ಲಿ ವಾರಕ್ಕೈದು ದಿನದ ಕಂತು ಟಿಆರ್‌ಪಿ ನೋಡಿಕೊಂಡು ತಿರುಗುತ್ತದೆ. ಓಡಿದರೆ ಮುಗಿಯುವುದೇ ಇಲ್ಲ, ಓಡದಿದ್ದರೆ ನಡುವೆಯೇ ನಿಲ್ಲುತ್ತದೆ. 'ಪುಟ್ಟಗೌರಿ ಮದುವೆ' ಹಿಂದಿಯಿಂದ ಬಂತು, 'ಜೊತೆ ಜೊತೆಯಲಿ' ಮರಾಠಿಯಿಂದ ಬಂತು. ಎರಡನ್ನೂ ಮನೆಮಂದಿಯೆಲ್ಲ ನೋಡಿದೆವು, ಆಗ ಸಂಘದಿಂದ ಯಾರೂ ನಮ್ಮನ್ನು ಕೇಳಲಿಲ್ಲ. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ', 'ಮುಕ್ತ'ಗಳ ಕಾಲದಲ್ಲಿ ನಾವೂ ಧಾರಾವಾಹಿಯನ್ನು ಬರೆದವರ ಹೆಸರು ಹೇಳಿ ನೋಡುತ್ತಿದ್ದೆವು. ಇಂದು ಸಂಜೆಯ ಧಾರಾವಾಹಿಯ ಕಥೆ ಬರೆದವರು ಯಾರು ಎಂದು ಸಂಘದ ಸಭೆಯಲ್ಲಿ ಒಬ್ಬರಾದರೂ ಹೇಳಲಿ, ನಾನು ಆ ವಾರ ರಿಮೋಟ್ ಮುಟ್ಟುವುದಿಲ್ಲ.

ಕಾರ್ಯದರ್ಶಿಗಳು ಡಬ್ಬಿಂಗ್ ಮಾತನ್ನೂ ಎತ್ತಿದ್ದರು, ಎತ್ತಿದ್ದು ಒಳ್ಳೆಯದೇ ಆಯಿತು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥವರು ಡಬ್ಬಿಂಗ್ ವಿರುದ್ಧ ನಿಂತದ್ದರಿಂದ ಕನ್ನಡ ಚಿತ್ರೋದ್ಯಮ ಉಸಿರಾಡಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಕಾಲ ಮುಗಿಯಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ಮೇಲಿದ್ದ ಅಘೋಷಿತ ನಿಷೇಧದ ವಿರುದ್ಧ ತೀರ್ಪು ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಕನ್ನಡದಲ್ಲಿ ಮಾತಾಡುವ 'ಮಹಾಭಾರತ'ವನ್ನು ಮನೆಮನೆಯಲ್ಲಿ ನೋಡಿದರು, ಕನ್ನಡ ಸಾಯಲಿಲ್ಲ. ಈಗ ಬೆಳಗಿನ ಬಸ್ಸಿನಲ್ಲಿ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರ ಮೊಬೈಲಿಗೆ ಕಿವಿಗೊಡಿ. ಕೊರಿಯಾದ ನಾಯಕ ಹಿಂದಿಯಲ್ಲೋ ತೆಲುಗಿನಲ್ಲೋ 'ನಿನ್ನ ಬಿಟ್ಟಿರಲಾರೆ' ಎನ್ನುತ್ತಿರುತ್ತಾನೆ. ಹಾಸನದ ಹುಡುಗಿ, ರಾಯಚೂರಿನ ಹುಡುಗಿ ಅದನ್ನು ಕೇಳಿ ಕೇಳಿ ಹಿಂದಿ ಕಲಿಯುತ್ತಿದ್ದಾಳೆ. ನಾನು ನೋಡಿದ ಸರಣಿಗಳಿಗೆ ಕನ್ನಡದ ದನಿ ಸಿಕ್ಕಿಲ್ಲ, ಇಂಗ್ಲಿಷ್ ಅಡಿಬರಹ ಓದಿಕೊಂಡೇ ನೋಡಿದ್ದೇನೆ. ಆ ಹುಡುಗಿಯರಿಗೆ ಕೊರಿಯಾ ಬಿಡಿಸಲು ನಿಮ್ಮಿಂದ ಆಗುವುದಿಲ್ಲ. ಕೊರಿಯಾವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಆಗುತ್ತದೆ. ಸಂಘದ ಮನವಿಗೆ ಮೊದಲ ಸಹಿ ನನ್ನದೇ ಇರಲಿ.

ಕೊನೆಯದು ಎಲ್ಲರೂ ಸೇರಿ ಹೇಳಿದ ದೂರು: ಟೈಮ್ ವೇಸ್ಟ್. ಇದಕ್ಕೆ ಮೇಷ್ಟ್ರ ದಾರಿಯಲ್ಲೇ ಉತ್ತರ ಕೊಡಬಹುದು. ಒಂದು ಕೊರಿಯಾ ಪ್ರೇಮಕಥೆ ಸಾಮಾನ್ಯವಾಗಿ ಹದಿನಾರು ಕಂತು, ಹೆಚ್ಚುಕಡಿಮೆ ಇಪ್ಪತ್ತು ಗಂಟೆ. ಮಹಡಿ ಮೇಲೆ ನಡೆಯುವ ಒಂದು ಧಾರಾವಾಹಿ ವಾರಕ್ಕೆ ಐದು ಅರ್ಧ ಗಂಟೆ, ಅಂದರೆ ವರ್ಷಕ್ಕೆ 130 ಗಂಟೆ. ಹಾಗೆ ಮೂರು ವರ್ಷ. ಭಾವನವರು ಅಂಥವು ಎಷ್ಟು ನೋಡುತ್ತಾರೆ ಎಂದು ಓರಗಿತ್ತಿಯನ್ನು ಕೇಳಿ, ಮೇಷ್ಟ್ರು ಗುಣಿಸಿಕೊಳ್ಳಲಿ.