ಎಷ್ಟು ಜನ?

ಬಾಗಿಲು ತೆಗೆದ ಹುಡುಗ ಕೇಳಿದ ಮೊದಲ ಪ್ರಶ್ನೆಯೇ ಇದು. ‘ಎಷ್ಟು ಜನ, ಮ್ಯಾಡಮ್?’ ಒಬ್ಬಳೇ ಎಂದೆ. ಉಳಿದವರು ಕಾರು ನಿಲ್ಲಿಸಿ ಬರುತ್ತಿರಬಹುದೆಂದು ಅವನು ನನ್ನ ಬೆನ್ನ ಹಿಂದೆ ಇಣುಕಿ ನೋಡಿದ. ಯಾರೂ ಬರಲಿಲ್ಲ. ‘ಒಬ್ಬರೇನಾ?’ ಎಂದು ಮತ್ತೊಮ್ಮೆ ಕೇಳಿದ.

ಇದು 2023ರ ಡಿಸೆಂಬರಿನಲ್ಲಿ ದುಬೈಯಲ್ಲಿ ನಡೆದದ್ದು. ಮಗಳ ಮನೆ ಕರಾಮಾದಲ್ಲಿ. ಊರಿನ ಇನ್ನೊಂದು ಕಡೆ ಹೊಸದಾಗಿ ತೆರೆದಿದ್ದ ಅಮೆರಿಕನ್ ಮಾದರಿಯ ‘ಡೈನರ್’ ಬಗ್ಗೆ ಅವಳ ಗೆಳತಿಯರೆಲ್ಲ ಹೇಳಿದ್ದೇ ಹೇಳಿದ್ದು. ಮಗಳು, ಅಳಿಯ ಇಬ್ಬರೂ ಆಫೀಸಿಗೆ ಹೋದ ಮೇಲೆ ಟ್ಯಾಕ್ಸಿ ಹಿಡಿದು ಹೊರಟುಬಿಟ್ಟೆ. ಅರವತ್ತಮೂರು ವರ್ಷದ ಹೆಂಗಸು ತಿಂಡಿ ತಿನ್ನಲು ಒಬ್ಬಳೇ ಹೊರಡುವುದಕ್ಕೆ ಕಾರಣ ಬೇಕೆ? ಬೇಕು ಎನ್ನುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೊರಗಿನಿಂದ ರೈಲು ಬೋಗಿಯಂತೆ ಹೊಳೆಯುವ ಸ್ಟೀಲು. ಒಳಗೆ ಚದುರಂಗದ ಹಾಸಿನಂಥ ಕಪ್ಪು ಬಿಳುಪು ನೆಲ, ಕೆಂಪು ರೆಕ್ಸಿನ್ನಿನ ಸೀಟುಗಳು, ಗೋಡೆಯ ಮೇಲೆ ಮರ್ಲಿನ್ ಮನ್ರೋ ಮತ್ತು ಎಲ್ವಿಸ್ ಪ್ರೀಸ್ಲಿ. ಮೂಲೆಯಲ್ಲೊಂದು ಹಾಡಿನ ಪೆಟ್ಟಿಗೆ, ಆದರೆ ಹಾಡು ಬರುತ್ತಿದ್ದದ್ದು ಮಾತ್ರ ಛಾವಣಿಯಿಂದ. ನಡುವೆ ಉದ್ದನೆಯ ಕೌಂಟರು, ಅದರ ಮುಂದೆ ಸಾಲಾಗಿ ಹತ್ತು ಗುಂಡು ಸ್ಟೂಲುಗಳು. ನನ್ನ ಕಣ್ಣು ಇದ್ದದ್ದು ಅವುಗಳ ಮೇಲೆ. ಅಲ್ಲಿ ಕೂರುತ್ತೇನೆ ಎಂದೆ. ‘ಅದು ಫೋಟೋ ತೆಗೆಸಿಕೊಳ್ಳೋದಕ್ಕೆ ಮ್ಯಾಡಮ್. ಸಂಜೆ ಬರ್ತ್‌ಡೇ ಪಾರ್ಟಿ ಬೇರೆ ಇದೆ’ ಎಂದ ಹುಡುಗ. ಕಿಟಕಿ ಪಕ್ಕದ ದೊಡ್ಡ ಸೀಟುಗಳು ಫ್ಯಾಮಿಲಿಯವರಿಗಂತೆ. ನನಗೆ ಸಿಕ್ಕಿದ್ದು ಅಡುಗೆಮನೆಯ ಬಾಗಿಲ ಪಕ್ಕದ ಪುಟ್ಟ ಮೇಜು. ನಲವತ್ತು ವರ್ಷ ಅಡುಗೆಮನೆಯಲ್ಲೇ ಕಳೆದವಳಿಗೆ ಅಲ್ಲೂ ಅದೇ ಗತಿ.

ಡೈನರ್ ಹುಟ್ಟಿದ್ದೇ ಒಂಟಿಯಾಗಿ ಉಣ್ಣುವವರಿಗಾಗಿ. 1872ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ ವಾಲ್ಟರ್ ಸ್ಕಾಟ್ ಎಂಬಾತ (ಕಾದಂಬರಿಕಾರ ಸ್ಕಾಟ್ ಅಲ್ಲ, ಇವನು ಬೇರೆ) ಕುದುರೆ ಗಾಡಿಯೊಂದನ್ನು ನಿಲ್ಲಿಸಿಕೊಂಡು, ಹೋಟೆಲುಗಳು ಮುಚ್ಚಿದ ಮೇಲೆ ಪತ್ರಿಕಾ ಕಚೇರಿಯ ರಾತ್ರಿ ಪಾಳಿಯವರಿಗೆ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಕಾಫಿ ಮಾರತೊಡಗಿದ. ಗಿರಾಕಿಗಳು ಮಳೆಯಲ್ಲಿ, ಚಳಿಯಲ್ಲಿ ಹೊರಗೇ ನಿಂತು ತಿನ್ನಬೇಕಿತ್ತು. 1887ರಲ್ಲಿ ವೂಸ್ಟರ್ ಊರಿನಲ್ಲಿ ಇನ್ನೊಬ್ಬ ಜನ ಒಳಗೇ ಬರಬಹುದಾದ ಗಾಡಿ ಮಾಡಿಸಿದ. ಆಮೇಲೆ ಅದೇ ಊರಿನಲ್ಲಿ 1906ರಿಂದ ಕಾರ್ಖಾನೆಯೇ ಶುರುವಾಯಿತು. ಬೋಗಿಯಂಥ ಹೋಟೆಲನ್ನು ಕಾರ್ಖಾನೆಯಲ್ಲೇ ಕಟ್ಟಿ ಬೇಕಾದ ಊರಿಗೆ ಸಾಗಿಸುತ್ತಿದ್ದರು. ಕೌಂಟರು, ಅದರೆದುರು ನೆಲಕ್ಕೆ ಕಚ್ಚಿಸಿದ ಸ್ಟೂಲುಗಳ ಸಾಲು. ಸ್ಟೂಲಿನ ಮೇಲೆ ಕೂತವನನ್ನು ಎಷ್ಟು ಜನ ಎಂದು ಯಾರು ಕೇಳುತ್ತಾರೆ?

ಆದರೆ ‘ಕೂತವನನ್ನು’ ಎಂದೆನಲ್ಲ, ಅದನ್ನು ಬೇಕೆಂದೇ ಬರೆದೆ. ಮೊದಲಿಗೆ ಅದು ಗಂಡಸರ ಜಾಗ. 1920ರ ದಶಕದಲ್ಲಿ ವ್ಯಾಪಾರ ಹೆಚ್ಚಿಸಿಕೊಳ್ಳಲು ಮಾಲೀಕರು ‘ಮಹಿಳೆಯರಿಗೂ ಸ್ವಾಗತ’ ಎಂದು ಫಲಕ ಬರೆಸಿದರು, ಕಿಟಕಿಗೆ ಹೂಕುಂಡ ಇಟ್ಟರು, ಸ್ಟೂಲು ಹತ್ತುವುದು ಮರ್ಯಾದಸ್ಥ ಹೆಂಗಸರಿಗೆ ಒಗ್ಗದೆಂದು ಮೇಜು ಹಾಕಿದರು. ಕರಿಯರ ಪಾಡು ಇನ್ನೂ ಕಷ್ಟದ್ದು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನ ವುಲ್ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಸ್ಟೂಲುಗಳ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲೂ ಇಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ಆ ಕೌಂಟರು ಎಲ್ಲರಿಗೂ ತೆರೆದದ್ದು ಜುಲೈ ತಿಂಗಳಿನಲ್ಲಿ. ಮನ್ರೋ, ಪ್ರೀಸ್ಲಿಯರ ಫೋಟೋ ತೂಗುಹಾಕಿ ‘ಆ ಸವಿಗಾಲ’ವನ್ನು ಮಾರುವವರು ಆ ನಾಲ್ವರ ಫೋಟೋ ಯಾಕೆ ಹಾಕುವುದಿಲ್ಲ? ಸ್ಟೂಲಿನ ಬೆಲೆ ಗೊತ್ತಿದ್ದವರು ಅವರೇ ಅಲ್ಲವೇ?

ನಾನು ಕೂತಲ್ಲಿಗೆ ಎದುರಾಗಿ ಎಡ್ವರ್ಡ್ ಹಾಪರ್ 1942ರಲ್ಲಿ ಬರೆದ ‘ನೈಟ್‌ಹಾಕ್ಸ್’ ಚಿತ್ರದ ಪ್ರತಿಯಿತ್ತು. ನಡುರಾತ್ರಿಯ ಕೌಂಟರು, ಮೂವರು ಗಿರಾಕಿಗಳು. ಒಬ್ಬಳು ಕೆಂಪು ಬಟ್ಟೆಯ ಹೆಂಗಸು, ಅವಳ ಪಕ್ಕದಲ್ಲಿ ಗಂಡಸು. ಬೆನ್ನು ತೋರಿಸಿಕೊಂಡು ಒಬ್ಬನೇ ಕೂತವನು ಇನ್ನೊಬ್ಬ ಗಂಡಸು.

ಹೊರದೇಶವನ್ನು ಬೈಯುವುದು ಸುಲಭ. ಪಕ್ಕದ ಸೌದಿ ಅರೇಬಿಯಾದಲ್ಲಿ 2019ರ ಡಿಸೆಂಬರಿನವರೆಗೆ ಹೋಟೆಲುಗಳಲ್ಲಿ ಫ್ಯಾಮಿಲಿಗೆ ಒಂದು ಬಾಗಿಲು, ಒಂಟಿ ಗಂಡಸರಿಗೆ ಇನ್ನೊಂದು ಬಾಗಿಲು ಕಡ್ಡಾಯವಾಗಿತ್ತು ಎಂದರೆ ಅಯ್ಯೋ ಎನ್ನುತ್ತೇವೆ. ನಮ್ಮೂರುಗಳ ‘ಫ್ಯಾಮಿಲಿ ರೂಮು’ ಯಾವ ಕಾನೂನಿನಿಂದ ಬಂದದ್ದು? ನಾನು ಹೈಸ್ಕೂಲಿನಲ್ಲಿ ಪಾಠ ಹೇಳಲು ಸೇರಿದ ಹೊಸತರಲ್ಲಿ, ಮೊದಲ ಸಂಬಳದ ದಿನ, ಮಸಾಲೆ ದೋಸೆ ತಿನ್ನಬೇಕೆಂದು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದೆ. ‘ಫ್ಯಾಮಿಲಿ ರೂಮಿಗೆ ಹೋಗಿ ಅಕ್ಕಾವ್ರೆ’ ಎಂದು ಮಾಣಿ ದಾರಿ ತೋರಿಸಿದ. ಎಣ್ಣೆ ಜಿಡ್ಡಿನ ಪರದೆ, ಫ್ಯಾನಿಲ್ಲದ ಗೂಡು. ಫ್ಯಾಮಿಲಿಯೇ ಇಲ್ಲದ ನಾನು ಫ್ಯಾಮಿಲಿ ರೂಮಿನಲ್ಲಿ ಕೂತು, ಆರಿದ ದೋಸೆಯನ್ನು ಕಳ್ಳಿಯ ಹಾಗೆ ತಿಂದು ಬಂದೆ. ಮರುದಿನ ಸ್ಟಾಫ್ ರೂಮಿಗೆಲ್ಲ ಸುದ್ದಿ: ‘ಒಬ್ಬರೇ ಹೋಗಿದ್ರಂತೆ!’

1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದವು ನೋಡಿ, ಆಗ ನನಗೆ ಬಿಡುಗಡೆ ಸಿಕ್ಕಿತು. ಚೀಟಿ ತೆಗೆದುಕೋ, ತಟ್ಟೆ ಹಿಡಿದುಕೋ, ನಿಂತು ತಿನ್ನು, ಹೋಗು. ಪಕ್ಕದಲ್ಲಿ ಆಟೋದವನು, ಎದುರಿನಲ್ಲಿ ಬ್ಯಾಂಕಿನ ಹುಡುಗಿ, ನಡುವೆ ಚಟ್ನಿ. ಜೊತೆಗೆ ಯಾರಿದ್ದಾರೆ ಎಂದು ಕೇಳುವವರಿಲ್ಲ. ಸ್ಕಾಟನ ಕುದುರೆ ಗಾಡಿಗೆ ನಿಜವಾದ ನೆಂಟರು ಯಾರಾದರೂ ಇದ್ದರೆ ಈ ದರ್ಶಿನಿಯವರೇ ಹೊರತು ಆ ಹೊಳೆಯುವ ಸ್ಟೀಲಿನವರಲ್ಲ. ಹೊರಗೆ ತಿನ್ನುವುದರಿಂದ ಸಂಸಾರ ಕೆಡುತ್ತದೆ ಎಂದು ಭಾಷಣ ಮಾಡುವ ಮಹನೀಯರೂ ಅಲ್ಲಿ ಇಡ್ಲಿ ತಿನ್ನುವುದನ್ನು ಕಂಡಿದ್ದೇನೆ. ಒಬ್ಬರೇ!

ತಿಂಡಿಯ ವಿಷಯ ಹೆಚ್ಚೇನೂ ಇಲ್ಲ. ಪ್ಯಾನ್‌ಕೇಕಿಗೆ ಮೊಟ್ಟೆ ಹಾಕುತ್ತಾರೆಂದು ಬಿಟ್ಟೆ. ಚೀಸು ಇಟ್ಟು ಬೆಣ್ಣೆಯಲ್ಲಿ ಸುಟ್ಟ ಸ್ಯಾಂಡ್‌ವಿಚ್, ಆಲೂಗಡ್ಡೆ ಫ್ರೈ, ಕಾಫಿ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಬಿಲ್ಲು 45 ದಿರ್ಹಂ, ಅಂದರೆ ಸಾವಿರ ರೂಪಾಯಿ ದಾಟಿತು. ಕೂಲಿಯವರ ಊಟಕ್ಕೆ!

ತಂದುಕೊಟ್ಟವಳು ಫಿಲಿಪ್ಪೀನ್ಸಿನ ಹುಡುಗಿ. ಗುಲಾಬಿ ಉಡುಪು, ತಲೆಗೆ ಬಿಳಿ ಟೋಪಿ. ಏಳು ವರ್ಷದ ಮಗನನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದಾಳಂತೆ. ಹೆಂಗಸು ಕೌಂಟರಿನ ಒಳಗೆ ನಿಂತು ಬಡಿಸುವುದಕ್ಕೆ ಯಾವ ದೇಶದಲ್ಲೂ ಯಾರ ತಕರಾರೂ ಇಲ್ಲ ನೋಡಿ, ತಕರಾರೆಲ್ಲ ಅವಳು ಹೊರಗೆ ಕೂತು ತಿನ್ನುವುದಕ್ಕೆ. ಡೈನರಿನ ತವರು ಅಮೆರಿಕದಲ್ಲೇ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಎಂದು ಕೇಂದ್ರದ ಕಾನೂನು ಹೇಳುತ್ತದೆ. 1991ರಿಂದ ಆ ಅಂಕಿ ಕದಲಿಲ್ಲ. ಕೆಲವು ರಾಜ್ಯಗಳಲ್ಲಿ ಹೆಚ್ಚು ಕೊಡಬೇಕು, ಟಿಪ್ಸ್ ಸಾಲದಿದ್ದರೆ ಕನಿಷ್ಠ ಕೂಲಿಯವರೆಗೆ ಮಾಲೀಕ ತುಂಬಿಕೊಡಬೇಕು, ಅದೆಲ್ಲ ಇದೆ. ಆದರೂ ಅವಳ ನಗುವಿಗೆ ಸಂಬಳ ಕೊಡುವವರು ಗಿರಾಕಿಗಳೇ.

ಸಂಜೆ ಮಗಳಿಗೆ ಹೇಳಿದೆ. ‘ಯಾಕಮ್ಮ ಒಬ್ಬಳೇ ಹೋದೆ? ಶನಿವಾರ ನಾವೇ ಕರ್ಕೊಂಡು ಹೋಗ್ತಿದ್ವಲ್ಲ’ ಎಂದಳು. ಪ್ರೀತಿಯಿಂದಲೇ ಅಂದದ್ದು. ಕಂಪ್ಯೂಟರ್ ಓದಿದ, ತಾನೇ ಕಾರು ಓಡಿಸುವ ಮಗಳು! ಸ್ಟಾಫ್ ರೂಮಿನವರು ಅಂದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

ಅವಳಿಗೆ ಹೇಳದೆ ಉಳಿಸಿಕೊಂಡ ಸಂಗತಿ ಒಂದಿದೆ. ಬಿಲ್ಲು ಕೊಟ್ಟ ಮೇಲೆ ನಾನು ನೇರ ಬಾಗಿಲಿಗೆ ಹೋಗಲಿಲ್ಲ. ಅರ್ಧ ಉಳಿದಿದ್ದ ಕಾಫಿಯನ್ನು ಕೈಯಲ್ಲಿ ಹಿಡಿದು, ಸೀರೆಯ ನೆರಿಗೆ ಎತ್ತಿಕೊಂಡು, ನಡುವಿನ ಸ್ಟೂಲು ಹತ್ತಿ ಕೂತೆ. ಬಾಗಿಲ ಹುಡುಗ ಎರಡು ಹೆಜ್ಜೆ ಮುಂದೆ ಬಂದು ನಿಂತುಕೊಂಡ. ಫಿಲಿಪ್ಪೀನ್ಸಿನ ಹುಡುಗಿ ಅವನನ್ನೊಮ್ಮೆ ನೋಡಿ, ಏನೂ ಹೇಳದೆ ಬಿಸಿ ಕಾಫಿ ತಂದು ನನ್ನ ಲೋಟ ತುಂಬಿಸಿದಳು. ಸ್ಟೂಲು ಚೆನ್ನಾಗಿಯೇ ತಿರುಗುತ್ತಿತ್ತು. ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ.