ಕಪ್ಪು ಬಳಿದರೆ ದಾರಿ ಗಟ್ಟಿಯಾಗುತ್ತಾ?

ಮಳೆಗಾಲ ಮುಗಿದು ಬಿಸಿಲು ಬಿತ್ತೆಂದರೆ ನಮ್ಮ ಕೊಡ್ಲಿಪೇಟೆ ಕಡೆ ಮನೆ ರಿಪೇರಿಗಳ ಕಾಲ. ಹೆಂಚು ಕೈಯಾಡಿಸುವುದು, ಸುಣ್ಣ ಬಣ್ಣ, ಜೊತೆಗೆ ಗೇಟಿನಿಂದ ಮನೆಬಾಗಿಲವರೆಗಿನ ಡಾಂಬರು ದಾರಿಯ ಚಿಂತೆ. ಹಾಕಿಸಿದಾಗ ಕರ್ರಗೆ ಹೊಳೆಯುತ್ತಿದ್ದದ್ದು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. "ರಸ್ತೆ ಕೆಲಸದ್ದು ಟಾರು ಉಳಿದಿದೆ ಅಕ್ಕಾ, ಕಡಿಮೆ ರೇಟಿಗೆ ಮೇಲೊಂದು ಕೋಟ್ ಹೊಡೆದು ಕೊಡ್ತೀವಿ" ಅಂತ ಯಾರಾದರೂ ಬಂದು ನಿಂತರೆ ಮನಸ್ಸು ಕರಗದೇ ಇರುತ್ತಾ? ಯಜಮಾನರು ತೋಟದಲ್ಲಿ. ಹೂಂ ಅನ್ನಬೇಕಾದವರು ನೀವು.

ನನ್ನನ್ನು ಕೇಳಿದರೆ, ಆ ಕಪ್ಪು ಲೇಪನ ಎಲ್ಲ ದಾರಿಗೂ ಬೇಕಿಲ್ಲ. ನಮ್ಮ ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಅದಕ್ಕಿಂತ ಮೊದಲು ಆಗಬೇಕಾದದ್ದು ಚರಂಡಿ.

ಬಿಸಿಲು, ಗಾಳಿಗೆ ಡಾಂಬರಿನ ಜಿಗುಟು ಆರಿ ಅದು ಬಿರುಸಾಗುತ್ತದೆ, ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಜಲ್ಲಿ ಮಣ್ಣನ್ನು ಸಡಿಲ ಮಾಡುತ್ತದೆ. ಮೇಲೆ ಪಿಕಪ್ ಹೋದರೆ ಗುಂಡಿ ಬಿತ್ತು ಅಂತಲೇ ಲೆಕ್ಕ. ತೆಳ್ಳನೆಯ ಲೇಪನ ನೀರು ಇಳಿಯುವುದನ್ನು ತಡೆಯಬಲ್ಲದೇ ಹೊರತು ದಾರಿಗೆ ಬಲ ಕೊಡಲಾರದು. ಸೂರಿನ ನೀರು, ಮೇಲಿನ ದರೆಯ ನೀರು ದಾರಿಯ ಮೇಲೇ ಹರಿಯುತ್ತಿದ್ದರೆ ಎಷ್ಟು ಸಲ ಬಳಿಸಿದರೂ ದುಡ್ಡು ನೀರಿನ ಜೊತೆಗೇ ಹೋಯಿತು ಬಿಡಿ.

ನಿಮ್ಮ ದಾರಿಗೆ ಬೇಕೋ ಬೇಡವೋ ತಿಳಿಯಲು ಎಂಜಿನಿಯರ್ ಬೇಡ. ಒಣ ದಿನ ಒಂದು ಬಕೆಟ್ ನೀರು ಸುರಿಯಿರಿ. ನೀರು ಸರಾಗವಾಗಿ ಹರಿದು ಹೋದರೆ ಬಣ್ಣ ಮಾಸಿದೆ ಅಷ್ಟೆ, ಈ ವರ್ಷ ಸುಮ್ಮನಿರಿ. ನೀರು ಇಂಗಿದರೆ, ಕಾಲಲ್ಲಿ ಉಜ್ಜಿದಾಗ ಸಣ್ಣ ಕಲ್ಲು ಏಳುತ್ತಿದ್ದರೆ ಲೇಪನ ಮಾಡಿಸಬಹುದು. ಮೊಸಳೆ ಚರ್ಮದಂತೆ ಬಲೆಬಲೆಯಾಗಿ ಬಿರುಕು ಬಿಟ್ಟಿದ್ದರೆ ತಳವೇ ಕೆಟ್ಟಿದೆ ಎಂದರ್ಥ. ಅಷ್ಟು ಜಾಗ ಅಗೆದು ಹೊಸದಾಗಿ ಜಲ್ಲಿ ಹಾಕಿಸಬೇಕು. ಕಪ್ಪು ಬಳಿದರೆ ಹುಣ್ಣಿನ ಮೇಲೆ ಪೌಡರ್ ಹಚ್ಚಿದಂತೆ!

ಹೊಸ ದಾರಿಯಾದರೆ ಒಂದು ವರ್ಷವಾದರೂ ಬಿಡಿ. ಆಮೇಲೂ ಮೂರರಿಂದ ಐದು ವರ್ಷಕ್ಕೊಮ್ಮೆ ಸಾಕು. ಪ್ರತಿ ವರ್ಷ ಬಳಿಸಿದರೆ ಪದರದ ಮೇಲೆ ಪದರ ಕೂತು ಅದೇ ಸಿಪ್ಪೆ ಏಳುತ್ತದೆ.

ಮಾಡಿಸುವುದೇ ಆದರೆ ಬಿಟುಮೆನ್ ಎಮಲ್ಷನ್ ಕೇಳಿ. ಡ್ರಮ್ಮಿನ ಮೇಲೆ ಐಎಸ್ 8887 ಇದೆಯಾ ನೋಡಿ. ಇದನ್ನು ಕುದಿಸಬೇಕಿಲ್ಲ. ಹಚ್ಚುವಾಗ ಕಂದು ಬಣ್ಣವಿದ್ದು ಆರಿದ ಮೇಲೆ ಕಪ್ಪಾಗುತ್ತದೆ. ಕಲ್ಲಿದ್ದಲಿನಿಂದ ಬರುವ ಕೋಲ್ ಟಾರ್ ಬೇಡವೇ ಬೇಡ. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಅಮೆರಿಕದ ಆಸ್ಟಿನ್ ನಗರ ಇಂಥ ಲೇಪನವನ್ನು 2006ರಲ್ಲೇ ನಿಷೇಧಿಸಿತು. ಗಾಡಿಯ ಸುಟ್ಟ ಆಯಿಲ್ ಸುರಿದರೆ ಕಪ್ಪಾಗುತ್ತದೆ ಎನ್ನುವವರಿಗೂ ಕೈ ಮುಗಿದುಬಿಡಿ. ಎಣ್ಣೆ ಡಾಂಬರನ್ನೇ ಕರಗಿಸುತ್ತದೆ, ಮಳೆ ಬಂದರೆ ಬಾವಿಗೂ ಸೇರೀತು.

ಇನ್ನು ಕಾಲ. ಪಾಚಿ ಕೆರೆದು, ಗುಡಿಸಿ, ಬಿರುಕು ತುಂಬಿಸಿ, ಒಣಗಿದ ಮೇಲೆಯೇ ಹಚ್ಚಬೇಕು. ನಂತರ ಎರಡು ದಿನ ಗಾಡಿ ಓಡಾಡಬಾರದು. ಕಾಫಿ ಕುಯ್ಲಿನ ನಡುವೆ ಇದು ಆಗದ ಮಾತು. ಹಾಗಾಗಿ ಕುಯ್ಲು ಶುರುವಾಗುವ ಮುಂಚೆ, ಇಲ್ಲವೇ ಕುಯ್ಲು ಮುಗಿದು ಹೂಮಳೆ ಬೀಳುವ ಮುಂಚೆ ಬಿಸಿಲು ನೋಡಿ ಮಾಡಿಸಿ. ಹೊಸ ಲೇಪನದ ಮೇಲೆ ಕಾಫಿ, ಮೆಣಸು ಹರಡಬೇಡಿ. ಕಾಫಿ ಬೇಗ ವಾಸನೆ ಹಿಡಿಯುತ್ತದೆ, ವರ್ಷದ ದುಡಿಮೆ ಹಾಳು.

ಒಂದು ಮಾತು ಮರೆಯಬೇಡಿ. ನುಣ್ಣಗೆ ಹೊಳೆಯುವ ಲೇಪನ ಒದ್ದೆಯಾದರೆ ಜಾರುತ್ತದೆ. ಇಳಿಜಾರಿನ ದಾರಿ, ಮೇಲೆ ಜಡಿಮಳೆ ಅಂದರೆ ವಯಸ್ಸಾದವರ ಸೊಂಟದ ಗತಿಯೇನು? ಹಸಿಯಿರುವಾಗಲೇ ಮೇಲೆ ದಪ್ಪ ಮರಳೋ ಕಲ್ಲುಪುಡಿಯೋ ಉದುರಿಸಲು ಹೇಳಿ. ಚದರ ಅಡಿಗೆ ಎಷ್ಟು, ಏನೇನು ಕೆಲಸ ಅಂತ ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ. ದಾರಿ ಹೊಳೆಯದಿದ್ದರೆ ಏನಂತೆ, ಅತ್ತೆ ಮಳೆಯಲ್ಲೂ ಗೇಟಿನವರೆಗೆ ಜಾರದೆ ಹೋಗಿ ಬರುವಂತಿದ್ದರೆ ಸಾಕಲ್ವಾ?